ಶ್ರೋತೃಗಳ ಮುಂಗಡವೂ ಧ್ವನಿಯ ಒಡೆತನವೂ: ಮರಿಲಿಯನ್ ತಂಡದ ೨೦೦೧ರ ಆಲ್ಬಮ್ಮನ್ನು ಕುರಿತು

ಧ್ವನಿಮುದ್ರಣದ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಯಂತ್ರಗಳ ಇತಿಹಾಸವನ್ನೇ ಬರೆದಿದ್ದಾರೆ. ೧೮೭೭ರಲ್ಲಿ ಎಡಿಸನ್ನನ ಫೋನೋಗ್ರಾಫ್, ೧೮೮೭ರಲ್ಲಿ ಬರ್ಲಿನರನ ಗ್ರಾಮಫೋನ್, ೧೯೪೮ರಲ್ಲಿ ಎಲ್.ಪಿ. ತಟ್ಟೆ, ೧೯೮೨ರಲ್ಲಿ ಕಾಂಪ್ಯಾಕ್ಟ್ ಡಿಸ್ಕ್ — ಇವು ಆ ಇತಿಹಾಸದ ಮುಖ್ಯ ಘಟ್ಟಗಳೆಂದು ಗಣಿಸಲ್ಪಟ್ಟಿವೆ. ಆದರೆ ಯಂತ್ರವು ತಿರುಗುವುದಕ್ಕೆ ಮೊದಲು ಹಣವನ್ನು ಕೊಟ್ಟವರು ಯಾರು, ತಿರುಗಿ ನಿಂತ ಮೇಲೆ ಅದರಲ್ಲಿ ಉಳಿದ ಧ್ವನಿಯು ಯಾರ ಸ್ವತ್ತಾಯಿತು ಎಂಬ ಎರಡು ಪ್ರಶ್ನೆಗಳು ಯಂತ್ರದ ಇತಿಹಾಸಕ್ಕಿಂತ ಕಡಮೆ ಮಹತ್ತ್ವದವಲ್ಲ. ಇಂಗ್ಲೆಂಡಿನ ಮರಿಲಿಯನ್ ಎಂಬ ರಾಕ್ ಸಂಗೀತದ ತಂಡವು ೨೦೦೧ರಲ್ಲಿ ಹೊರತಂದ ‘ಅನೊರಾಕ್ನೋಫೋಬಿಯಾ’ ಎಂಬ ಆಲ್ಬಮ್ಮಿನ ವೃತ್ತಾಂತವನ್ನು ಈ ಪ್ರಶ್ನೆಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು, ಆವರೆಗೆ ರೂಢಿಯಲ್ಲಿದ್ದ ಪದ್ಧತಿಯನ್ನು ಅರಿಯಬೇಕು. ದೊಡ್ಡ ಕಂಪನಿಯೊಡನೆ ಒಡಂಬಡಿಕೆ ಮಾಡಿಕೊಂಡ ತಂಡಕ್ಕೆ ಆ ಕಂಪನಿಯು ಮುಂಗಡ ಹಣವನ್ನು ಕೊಡುತ್ತಿದ್ದಿತು. ಈ ಹಣ ದಾನವೂ ಅಲ್ಲ, ಸಂಬಳವೂ ಅಲ್ಲ. ಮಾರಾಟದಿಂದ ತಂಡಕ್ಕೆ ಮುಂದೆ ಸಲ್ಲಬೇಕಾದ ರಾಯಲ್ಟಿಯಲ್ಲಿ ಅದನ್ನು ಮುರಿದುಕೊಳ್ಳಲಾಗುತ್ತಿದ್ದಿತು. ಸ್ಟುಡಿಯೋ ಬಾಡಿಗೆಯೇ ಮೊದಲಾದ ಮುದ್ರಣವೆಚ್ಚವೂ ಸಾಮಾನ್ಯವಾಗಿ ಅದೇ ಲೆಕ್ಕಕ್ಕೆ ಸೇರುತ್ತಿದ್ದಿತು. ಹೀಗೆ ಕಲಾವಿದರ ಪಾಲಿನಿಂದಲೇ ವೆಚ್ಚವೆಲ್ಲ ವಸೂಲಾದ ಮೇಲೂ ಮೂಲಮುದ್ರಿಕೆಯ ಒಡೆತನ ಬಹುತೇಕ ಕಂಪನಿಯಲ್ಲಿಯೇ ಉಳಿಯುತ್ತಿದ್ದಿತು. ಸಾಲವನ್ನು ಪೂರ್ತಿಯಾಗಿ ತೀರಿಸಿದವನಿಗೆ ಅಡವಿಟ್ಟ ಹೊಲವು ಮರಳಿ ಬಾರದಂತಹ ಸ್ಥಿತಿ ಇದು. ಆದರೂ ಕಂಪನಿಯ ಪಕ್ಷದಲ್ಲಿ ಹೇಳಬೇಕಾದ ಮಾತೂ ಉಂಟು. ತಟ್ಟೆಗಳು ಮಾರಾಟವಾಗದಿದ್ದರೆ ನಷ್ಟವನ್ನು ಹೊರುತ್ತಿದ್ದುದು ಕಂಪನಿಯೇ. ಕಾರ್ಖಾನೆ, ಅಂಗಡಿಗಳ ಸಂಪರ್ಕ, ಜಾಹೀರಾತು, ರೇಡಿಯೋ ಪ್ರಸಾರ ಇವೆಲ್ಲಕ್ಕೂ ಬೇಕಾದ ಬಂಡವಾಳ ಹಾಡುಗಾರರ ಬಳಿ ಇರುತ್ತಿರಲಿಲ್ಲ.

ಮರಿಲಿಯನ್ ತಂಡವು ಈ ಪದ್ಧತಿಯ ಒಳಗೇ ಬೆಳೆದುದು. ಬಕಿಂಗ್‌ಹ್ಯಾಂಷೈರಿನ ಏಲ್ಸ್‌ಬರಿ ಪಟ್ಟಣದಲ್ಲಿ ೧೯೭೯ರ ಸುಮಾರಿಗೆ ರೂಪುಗೊಂಡ ಈ ತಂಡವು ೧೯೮೨ರಲ್ಲಿ ಇ.ಎಂ.ಐ. ಕಂಪನಿಯನ್ನು ಸೇರಿತು. ೧೯೮೫ರಲ್ಲಿ ಬಂದ ‘ಮಿಸ್‌ಪ್ಲೇಸ್ಡ್ ಚೈಲ್ಡ್‌ಹುಡ್’ ಎಂಬ ಅದರ ಮೂರನೆಯ ಆಲ್ಬಂ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನವನ್ನು ಪಡೆಯಿತು. ಗಾಯಕರಾಗಿದ್ದ ಫಿಷ್ ಅವರು ೧೯೮೮ರಲ್ಲಿ ತಂಡವನ್ನು ಬಿಟ್ಟರು. ಮರುವರ್ಷ ಸ್ಟೀವ್ ಹೋಗಾರ್ತ್ ಅವರು ಆ ಸ್ಥಾನಕ್ಕೆ ಬಂದರು. ಸಂಗೀತವು ಮುಂದುವರಿಯಿತು, ಆದರೆ ಮಾರಾಟ ಇಳಿಯಿತು. ಎಂಟು ಸ್ಟುಡಿಯೋ ಆಲ್ಬಮ್ಮುಗಳಾದ ಮೇಲೆ, ೧೯೯೫ರಲ್ಲಿ, ಇ.ಎಂ.ಐ. ಜೊತೆಗಿನ ಸಂಬಂಧ ಕಡಿಯಿತು. ಅನಂತರ ಕ್ಯಾಸಲ್ ಕಮ್ಯುನಿಕೇಷನ್ಸ್ ಎಂಬ ಚಿಕ್ಕ ಕಂಪನಿಯ ಮೂಲಕ ೧೯೯೭, ೧೯೯೮ ಮತ್ತು ೧೯೯೯ರಲ್ಲಿ ವರ್ಷಕ್ಕೊಂದರಂತೆ ಮೂರು ಆಲ್ಬಮ್ಮುಗಳು ಹೊರಬಂದುವು.

ಈ ಇಳಿಗಾಲದಲ್ಲಿಯೇ, ತಂಡದವರು ತಾವಾಗಿ ಯೋಜಿಸದ ಒಂದು ಘಟನೆ ನಡೆಯಿತು. ೧೯೯೭ರಲ್ಲಿ ಅಮೆರಿಕದ ಪ್ರವಾಸವನ್ನು ಕೈಕೊಳ್ಳಲು ತಮಗೆ ಶಕ್ತಿಯಿಲ್ಲವೆಂದೂ, ಹೊರಟರೆ ದೊಡ್ಡ ನಷ್ಟವಾಗುವುದೆಂದೂ ಕೀಬೋರ್ಡ್ ವಾದಕರಾದ ಮಾರ್ಕ್ ಕೆಲ್ಲಿ ಅವರು ಅಂತರ್ಜಾಲದ ಮೂಲಕ ಅಭಿಮಾನಿಗಳಿಗೆ ತಿಳಿಸಿದರು. ಇದನ್ನೋದಿದ ಅಭಿಮಾನಿಗಳು ತಮ್ಮತಮ್ಮಲ್ಲೇ ಚರ್ಚಿಸಿ, ಪ್ರತ್ಯೇಕವಾದ ಒಂದು ಖಾತೆಯನ್ನು ತೆರೆದು, ಸುಮಾರು ೬೦,೦೦೦ ಡಾಲರುಗಳನ್ನು ಕೂಡಿಸಿದರು. ಪ್ರವಾಸ ನಡೆಯಿತು. ಹಣ ಕೊಟ್ಟವರು ಇದರಿಂದ ಲಾಭದ ಪಾಲನ್ನು ನಿರೀಕ್ಷಿಸಿರಲಿಲ್ಲ. ಕಚೇರಿಯ ಟಿಕೆಟನ್ನು ಅವರು ಬೇರೆಯಾಗಿಯೇ ಕೊಳ್ಳಬೇಕಾಗಿದ್ದಿತು. ಹರಡಿಕೊಂಡಿದ್ದ ಶ್ರೋತೃಗಳು ಒಂದು ಸಮುದಾಯವಾಗಿ ನಿಂತು ಹಣದ ಹೊಣೆಯನ್ನು ಹೊರಬಲ್ಲರೆಂಬುದು ತಂಡಕ್ಕೆ ಈ ಪ್ರಸಂಗದಿಂದ ಮನದಟ್ಟಾಯಿತು.

ಮೂರು ವರ್ಷಗಳ ತರುವಾಯ ಈ ಅರಿವು ಕಾರ್ಯರೂಪಕ್ಕೆ ಬಂದಿತು. ಕ್ಯಾಸಲ್ ಕಂಪನಿಯ ಒಡಂಬಡಿಕೆ ಮುಗಿದಿದ್ದಿತು. ಮತ್ತೊಂದು ಕಂಪನಿಯ ಮುಂಗಡಕ್ಕೆ ಕೈಯೊಡ್ಡುವ ಬದಲು, ತಂಡದವರು ತಮ್ಮ ಬಳಿ ವಿಳಾಸವಿದ್ದ ಅಭಿಮಾನಿಗಳಿಗೆ ಇ-ಮೇಲ್ ಬರೆದು, ಇನ್ನೂ ರಚಿತವಾಗದ ಆಲ್ಬಮ್ಮಿಗೆ ಈಗಲೇ ಬೆಲೆ ತೆರಲು ಸಿದ್ಧರಿರುವಿರಾ ಎಂದು ಕೇಳಿದರು. ಉತ್ತರ ಅನುಕೂಲವಾಗಿದ್ದಿತು. ಕೊನೆಗೆ ೧೨,೬೭೪ ಮುಂಗಡ ಬೇಡಿಕೆಗಳು ಬಂದುವು. ಒಂದು ಸ್ವರವನ್ನೂ ಕೇಳದೆ ಇಷ್ಟು ಮಂದಿ ಹಣ ತೆತ್ತರು. ಆ ಹಣದ ಬಲದಿಂದ ಬಕಿಂಗ್‌ಹ್ಯಾಂಷೈರಿನಲ್ಲಿದ್ದ ‘ರ‍್ಯಾಕೆಟ್ ಕ್ಲಬ್’ ಎಂಬ ಸ್ವಂತ ಸ್ಟುಡಿಯೋದಲ್ಲಿ, ಡೇವ್ ಮೀಗನ್ ಅವರ ನಿರ್ದೇಶನದಲ್ಲಿ ಮುದ್ರಣಕಾರ್ಯ ನಡೆಯಿತು.

ಸ್ವಂತ ಸ್ಟುಡಿಯೋ ಇದ್ದುದು ಇಲ್ಲಿ ಅಲ್ಪಸಂಗತಿಯಲ್ಲ. ಈ ತಂಡದ ರಚನಾಕ್ರಮವು ನಿಧಾನದ್ದು. ಐವರೂ ಒಟ್ಟಿಗೆ ಕುಳಿತು ಮನೋಧರ್ಮದಂತೆ ನುಡಿಸುತ್ತ ಹೋಗುವುದು, ಅದೆಲ್ಲವನ್ನೂ ಮುದ್ರಿಸಿಕೊಳ್ಳುವುದು, ಬಳಿಕ ಆ ರಾಶಿಯಿಂದ ಸತ್ತ್ವವುಳ್ಳ ತುಣುಕುಗಳನ್ನು ಆರಿಸಿ ಜೋಡಿಸುವುದು — ಇದು ಅವರ ವಾಡಿಕೆ. ಗಂಟೆಯ ಲೆಕ್ಕದ ಬಾಡಿಗೆಯ ಕೊಠಡಿಯಲ್ಲಿ ಇಂತಹ ವಿಧಾನವು ಬಲು ದುಬಾರಿ. ಮುದ್ರಣಸ್ಥಳವು ತಮ್ಮದಾಗಿ, ಜೀವನಕ್ಕೆ ಬೇಕಾದ ಹಣ ಮುಂಚಿತವಾಗಿ ಕೈಸೇರಿದ್ದುದರಿಂದಲೇ ಕಾಲದ ಒತ್ತಡ ಸಡಿಲಿತು. ಸ್ವಾತಂತ್ರ್ಯವೆಂಬುದು ಕಲಾವಿದನ ಮಟ್ಟಿಗೆ ಮೊತ್ತಮೊದಲು ಕಾಲದ ಸ್ವಾತಂತ್ರ್ಯವೆಂಬ ಮಾತಿಗೆ ಇದು ನಿದರ್ಶನ.

ಆಲ್ಬಂ ೨೦೦೧ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಅಂಗಡಿಗಳಿಗೆ ಅದನ್ನು ಹಂಚುವ ಕೆಲಸವನ್ನು ವಹಿಸಿಕೊಂಡುದು, ಆರು ವರ್ಷಗಳ ಹಿಂದೆ ದೂರವಾಗಿದ್ದ ಇ.ಎಂ.ಐ. ಕಂಪನಿಯೇ. ಆದರೆ ಸಂಬಂಧದ ಸ್ವರೂಪ ಈಗ ಬೇರೆಯಾಗಿದ್ದಿತು. ಮುದ್ರಣದ ಹಣ ಕಂಪನಿಯದಾಗಿರಲಿಲ್ಲವಾದುದರಿಂದ ಕೃತಿಸ್ವಾಮ್ಯವನ್ನು ತಂಡವು ತನ್ನಲ್ಲಿಯೇ ಉಳಿಸಿಕೊಂಡಿತು. ಕಂಪನಿಯು ಒಡೆಯನ ಸ್ಥಾನದಿಂದ ಹಂಚಿಕೆದಾರನ ಸ್ಥಾನಕ್ಕೆ ಇಳಿದುದು ಈ ವೃತ್ತಾಂತದ ಅತ್ಯಂತ ಗಮನಾರ್ಹವಾದ ಅಂಶ.

ಪ್ರಚಾರದಲ್ಲಿಯೂ ಹೊಸತನ ಕಂಡುಬರುತ್ತದೆ. ಇಂಗ್ಲಿಷಿನ ಆಡುಮಾತಿನಲ್ಲಿ ಯಾವುದಾದರೊಂದು ವಿಷಯದ ಗೀಳು ಹಿಡಿದವನನ್ನು ‘ಅನೊರಾಕ್’ ಎಂದು ಹಾಸ್ಯ ಮಾಡುವುದುಂಟು. ಆ ಪದವನ್ನು ಜೇಡರ ಹುಳುವಿನ ಭಯವನ್ನು ಸೂಚಿಸುವ ಶಬ್ದದೊಡನೆ ಬೆಸೆದು ಆಲ್ಬಮ್ಮಿನ ಹೆಸರನ್ನು ಕಟ್ಟಲಾಗಿದೆ. ಅಭಿಮಾನಿಗಳನ್ನು ನಕ್ಕು ನಗಿಸುವ, ಅವರನ್ನು ಹಳಿಯುವವರನ್ನೂ ಚುಚ್ಚುವ ಹೆಸರು ಇದು. ಪತ್ರಿಕೆಗಳಿಗೆ ಕಳುಹಿಸಿದ ಪ್ರಕಟಣೆಯಲ್ಲಿ, ‘ಜೆನೆಸಿಸ್’, ‘ಫಿಷ್’, ‘ಡೈನೋಸಾರ್’ ಮೊದಲಾದ ಸವೆದ ಮಾತುಗಳನ್ನು ಬಳಸದೆ ವಿಮರ್ಶೆ ಬರೆಯಿರೆಂದು ವಿಮರ್ಶಕರಿಗೆ ಸವಾಲು ಹಾಕಲಾಗಿದ್ದಿತು. ಹಳೆಯ ಕೀರ್ತಿಯೇ ಹೊಸ ಕೃತಿಗೆ ಅಡ್ಡಿಯಾಗಿದ್ದುದನ್ನು ಈ ಸವಾಲು ಸೂಚಿಸುತ್ತದೆ.

ಈ ಕ್ರಮವು ಸರ್ವಥಾ ಅಪೂರ್ವವೆಂದು ಭಾವಿಸಲಾಗದು. ೧೭೯೫ರಲ್ಲಿ ಬೇಥೋವನ್ ತನ್ನ ಮೊದಲನೆಯ ಕೃತಿಸಂಖ್ಯೆಯ ಮೂರು ಪಿಯಾನೋ ಟ್ರಯೋಗಳನ್ನು ವಿಯೆನ್ನಾದ ಅರ್ತಾರಿಯಾ ಪ್ರಕಾಶನದ ಮೂಲಕ ಹೊರತಂದಾಗ, ೧೨೩ ಚಂದಾದಾರರು ೨೪೧ ಪ್ರತಿಗಳಿಗೆ ಮೊದಲೇ ಒಪ್ಪಿಗೆ ಕೊಟ್ಟಿದ್ದರು. ಅವರ ಹೆಸರುಗಳು ಅಚ್ಚಾದುವು. ಧಾರವಾಡದಲ್ಲಿ ೧೯೩೩ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ನೆಚ್ಚಿ ಬೆಳೆದುದು ಕನ್ನಡ ವಾಚಕರಿಗೆ ತಿಳಿದದ್ದೇ. ಮರಿಲಿಯನ್ ತಂಡವೂ ಮುಂಗಡ ತೆತ್ತವರ ಹೆಸರುಗಳನ್ನು ಆಲ್ಬಮ್ಮಿನ ಪುಸ್ತಿಕೆಯಲ್ಲಿ ಮುದ್ರಿಸಿತು. ಆದರೆ ವಿಯೆನ್ನಾದ ಪಟ್ಟಿಯಲ್ಲಿದ್ದವರು ಬಹುಮಟ್ಟಿಗೆ ಶ್ರೀಮಂತ ವರ್ಗದವರು. ಇಲ್ಲಿಯವರು ಒಂದೊಂದು ಪ್ರತಿಯ ಬೆಲೆಯನ್ನು ಕೊಟ್ಟ ಸಾಮಾನ್ಯರು. ಇನ್ನೊಂದು ಹೋಲಿಕೆಯನ್ನು ಇಂಗ್ಲೆಂಡಿನಿಂದಲೇ ಕೊಡಬಹುದು. ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡವು ೧೯೭೭ರ ಜನವರಿಯಲ್ಲಿ ನಾಲ್ಕು ಹಾಡುಗಳ ‘ಸ್ಪೈರಲ್ ಸ್ಕ್ರ್ಯಾಚ್’ ತಟ್ಟೆಯನ್ನು ತಾನೇ ಹೊರತಂದುದು ಬಂಧುಮಿತ್ರರಿಂದ ತಂದ ಸುಮಾರು ೫೦೦ ಪೌಂಡುಗಳ ಸಾಲದಿಂದ. ಅಲ್ಲಿ ಹೊಣೆಯನ್ನು ಹೊತ್ತವರು ಮನೆಯವರು ಮತ್ತು ಗೆಳೆಯರು. ಇಲ್ಲಿ ಹೊತ್ತವರು ಮುಖಪರಿಚಯವಿಲ್ಲದ ಶ್ರೋತೃಗಳು.

ಹೀಗಿರಲು, ಯಾವ ತಂಡವಾದರೂ ಈ ದಾರಿಯನ್ನು ಹಿಡಿಯಬಹುದೆಂದು ತೀರ್ಮಾನಿಸುವುದು ಅವಸರದ ಮಾತಾದೀತು. ೧೨,೬೭೪ ಮಂದಿಯ ವಿಶ್ವಾಸ ಒಂದು ದಿನದಲ್ಲಿ ಹುಟ್ಟಿದುದಲ್ಲ. ಅದರ ಬೇರು ೧೯೮೨ರಿಂದ ೧೯೯೫ರವರೆಗೆ ಇ.ಎಂ.ಐ. ಹೂಡಿದ ಬಂಡವಾಳದಲ್ಲಿಯೂ, ಆ ಜಾಹೀರಾತು ದೂರದೇಶಗಳವರೆಗೆ ಒಯ್ದ ಹೆಸರಿನಲ್ಲಿಯೂ ಇದೆ. ಕಂಪನಿಯ ಪದ್ಧತಿಯಿಂದ ಬಿಡುಗಡೆ ಹೊಂದಿದ ತಂಡವು, ಆ ಪದ್ಧತಿಯೇ ಕಟ್ಟಿಕೊಟ್ಟ ಶ್ರೋತೃವರ್ಗದ ಮೇಲೆ ನಿಂತಿದ್ದಿತು. ಹೊಸದಾಗಿ ಹುಟ್ಟಿದ ತಂಡಕ್ಕೆ ಕೃತಿಸ್ವಾಮ್ಯವನ್ನು ಉಳಿಸಿಕೊಳ್ಳುವುದು ಸುಲಭ. ಅದಕ್ಕೆ ಬೆಲೆ ತೆರುವ ಜನರನ್ನು ಸಂಪಾದಿಸುವುದು ಕಷ್ಟ. ೨೦೦೪ರಲ್ಲಿ ‘ಮಾರ್ಬಲ್ಸ್’ ಎಂಬ ಮುಂದಿನ ಆಲ್ಬಮ್ಮನ್ನು ‘ಇಂಟ್ಯಾಕ್ಟ್’ ಎಂಬ ಸ್ವಂತ ಮುದ್ರೆಯಲ್ಲಿ ಹೊರತಂದಾಗ, ಮುಂಗಡದ ಹಣವನ್ನು ಪ್ರಚಾರಕ್ಕೂ ವಿನಿಯೋಗಿಸಿದುದು ಈ ಕಷ್ಟದ ಅರಿವಿನಿಂದಲೇ ಇರಬೇಕು. ಅದರ ‘ಯೂ ಆರ್ ಗಾನ್’ ಎಂಬ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ೭ನೆಯ ಸ್ಥಾನಕ್ಕೆ ಏರಿತು.

ವಿಶ್ವಾಸವನ್ನು ಮಧ್ಯವರ್ತಿಯ ಕೈಗೆ ಒಪ್ಪಿಸಿದರೆ ಏನಾಗಬಹುದೆಂಬುದಕ್ಕೂ ಉದಾಹರಣೆ ಉಂಟು. ಇದೇ ಬಗೆಯ ಮುಂಗಡವನ್ನು ಅನೇಕ ಕಲಾವಿದರ ಪರವಾಗಿ ಸಂಗ್ರಹಿಸುತ್ತಿದ್ದ ಪ್ಲೆಡ್ಜ್‌ಮ್ಯೂಸಿಕ್ ಎಂಬ ಸಂಸ್ಥೆಯು ೨೦೧೯ರಲ್ಲಿ ಮುಚ್ಚಿಹೋದಾಗ, ಹಲವು ಕಲಾವಿದರಿಗೆ ತಮ್ಮ ಶ್ರೋತೃಗಳು ಕೊಟ್ಟಿದ್ದ ಹಣ ತಲಪಲಿಲ್ಲ. ಅವರ ಪೈಕಿ ಕೆಲವರು ಹಣವಿಲ್ಲದೆಯೂ ತಮ್ಮ ಮಾತನ್ನು ನಡಸಬೇಕಾದ ಇಕ್ಕಟ್ಟಿಗೆ ಸಿಲುಕಿದರು.

ಒಟ್ಟಿನಲ್ಲಿ, ೨೦೦೧ರ ಈ ಪ್ರಸಂಗದಲ್ಲಿ ಬದಲಾದುದು ಮುಖ್ಯವಾಗಿ ಯಂತ್ರವಲ್ಲ, ಹಣದ ಸರದಿ. ಅಂತರ್ಜಾಲವು ಮಾತನ್ನು ಬೇಗ ಮುಟ್ಟಿಸಿತು, ನಿಜ. ಆದರೆ ಶ್ರೋತೃವು ಕೊನೆಯ ಗ್ರಾಹಕನ ಸ್ಥಾನದಿಂದ ಮೊದಲನೆಯ ಹೂಡಿಕೆದಾರನ ಸ್ಥಾನಕ್ಕೆ ಬಂದುದರಿಂದಲೇ ಒಡೆತನವು ಕಲಾವಿದರಲ್ಲಿ ನಿಂತಿತು. ಆ ಶ್ರೋತೃವು ಒಡೆತನದಲ್ಲಿ ಪಾಲನ್ನಾಗಲಿ ಲಾಭವನ್ನಾಗಲಿ ಬೇಡಲಿಲ್ಲ. ಅವನಿಗೆ ದೊರೆತುದು ಒಂದು ಪ್ರತಿ, ಪುಸ್ತಿಕೆಯಲ್ಲೊಂದು ಹೆಸರು. ಕಲಾವಿದನ ಸ್ವಾತಂತ್ರ್ಯದ ಇತಿಹಾಸವನ್ನು ಬರೆಯುವವರು ಆ ಹೆಸರುಗಳ ಪಟ್ಟಿಯನ್ನೂ ಒಂದು ದಾಖಲೆಯೆಂದು ಪರಿಗಣಿಸುವುದು ಉಚಿತ.