ಅತ್ತಿಯವರ ಟ್ಯಾಬು, ಚೌಕಾಬಾರಾ ಮನಿ ಮತ್ತು ಕೀಲಿ ಒಡದ ಕಥಿ

ಮೊನ್ನೆ ದೀಪಾವಳಿ ಮುಂದ ಅಟ್ಟ ಝಾಡಸಲಿಕತ್ತಾಗ ಒಂದು ಹಳೇ ಪಿಶವಿಯೊಳಗ ನಮ್ಮ ಅತ್ತಿಯವರ ಟ್ಯಾಬ್ ಸಿಕ್ತು. ಚಾರ್ಜಿಗೆ ಹಾಕಿದೆ, ಅರ್ಧಾ ತಾಸಿನ ಮ್ಯಾಲೆ ಕಣ್ಣು ಬಿಡ್ತು. ಅವರು ತೀರಿಕೊಂಡು ನಾಕು ವರ್ಷ ಆತು. ಅವರು ಓದಿ ಬಿಟ್ಟ ಪಾನಾ ದಪ್ಪ ದಪ್ಪ ಕನ್ನಡ ಅಕ್ಷರದಾಗ ಹಂಗಽ ಕೂತಿತ್ತು. ಎದುರು ಮನಿ ವೈನಿ ನೋಡಿ, “ಇಷ್ಟು ಹಳೇ ಡಬ್ಬಿಯೊಳಗ ಕನ್ನಡ ಹೆಂಗ ಬಂತ್ರಿ?” ಅಂದ್ರು. ಅದನ್ನ ಹೇಳಬೇಕಂದ್ರ ಒಂದು ಇತಿಹಾಸನಽ ಹೇಳಬೇಕಾಗ್ತದ. ಚಹಾ ಇಟಗೊಂಡು ಕೂತು ಓದ್ರಿ.

2012ರ ಡಿಸೆಂಬರದಾಗ ನಮ್ಮ ನಾದಿನಿ ಮಗ ಅಮೇರಿಕಾದಿಂದ ಬಂದಾಗ ಅಜ್ಜಿಗೆ ಅಂತ ಈ ಟ್ಯಾಬ್ ತಂದಿದ್ದ. ಕಂಪನಿ ಹೆಸರು ಬ್ಯಾಡ ಬಿಡ್ರಿ. ಅತ್ತಿಯವರಿಗೆ ಕಣ್ಣು ಮಂಜಾಗಿತ್ತು, ಪೇಪರಿನ ಸಣ್ಣ ಅಕ್ಷರ ಕಾಣತಿರಲಿಲ್ಲ, ಇದರಾಗ ದೊಡ್ಡದು ಮಾಡಿ ಓದಬಹುದು ಅನ್ನೋ ಆಶಾ. ಕನ್ನಡ ಪೇಪರ್ ತಗದ್ರ ಅಕ್ಷರ ಇದ್ದಲ್ಲೆಲ್ಲಾ ಬರೇ ಚೌಕ. ಅತ್ತಿಯವರು, “ಏನೋ ಇದು, ಚೌಕಾಬಾರಾ ಮನಿ ಬರದಾರೇನು?” ಅಂದ್ರು.

ಯಾಕಂದ್ರ ಆ್ಯಂಡ್ರಾಯ್ಡ್‌ಗೆ ಕನ್ನಡ ಬಂದದ್ದಽ 4.1 ಅನ್ನೋ ಆವೃತ್ತಿಯೊಳಗ, 2012ರ ಜುಲೈದಾಗ. ತೆಲುಗು, ಮಲಯಾಳಂ ಸುದ್ದಾ ಆವಾಗಽ ಬಂದ್ವು. ಈ ಟ್ಯಾಬಿನೊಳಗ ಇದ್ದದ್ದು ಅದಕ್ಕಿಂತಾ ಹಳೇದು. ಹೊಸಾದು ಕಂಪನಿ ಕೊಡೂದಿಲ್ಲ, ನಾವು ಹಾಕ್ಕೋತೀವಿ ಅಂದ್ರ ಕೀಲಿ. ಹುಡುಗ ಅಂದಾ, “ಅಜ್ಜಿ, ಇದನ್ನ ರೂಟ್ ಮಾಡಬೇಕು.” “ಬೇರಿಗೆ ಏನು ಮಾಡ್ತೀಪಾ?” ಅಂದ್ರು ಅತ್ತಿಯವರು.

ರೂಟ್ ಅಂದ್ರ ಬೇರು ಖರೇ. ಆದ್ರ ಯುನಿಕ್ಸ್ ಅನ್ನೋ ಹಳೇ ವ್ಯವಸ್ಥಾದೊಳಗ ಎಲ್ಲಾ ಅಧಿಕಾರ ಇದ್ದ ಯಜಮಾನಗ ‘ರೂಟ್’ ಅಂತಿದ್ರು. ಆ್ಯಂಡ್ರಾಯ್ಡ್ ನಿಂತದ್ದು ಲಿನಕ್ಸ್ ಮ್ಯಾಲೆ, ಲಿನಕ್ಸ್ ನಡಿಯೂದು ಯುನಿಕ್ಸ್ ರೀತಿಯೊಳಗ, ಹಿಂಗಾಗಿ ಹೆಸರೂ ಅದಽ ಉಳೀತು. ನಮ್ಮ ತಿಳುವಳಿಕಿಗೆ ಹೇಳೂದಾದ್ರ, ಮನಿ ನಿಮ್ಮದು, ರೊಕ್ಕ ಕೊಟ್ಟವರು ನೀವು, ಆದ್ರ ಉಗ್ರಾಣದ ಕೀಲಿಕೈ ಮಾತ್ರ ಬೀಗರ ಕಡೆ. ಅದನ್ನ ಇಸಗೊಳ್ಳೂದಽ ರೂಟ್ ಮಾಡೂದು. ಇನ್ನೊಂದು ‘ಬೂಟ್‌ಲೋಡರ್’ ಅಂತ ಇರ್ತದ, ಅದು ಬಾಗಿಲ ಕಾಯೋ ಮುದುಕ ಇದ್ದಂಗ. ಟ್ಯಾಬ್ ಚಾಲೂ ಮಾಡಿದ ಕೂಡಲೆ ಯಾರನ್ನ ಒಳಗ ಬಿಡಬೇಕು ಅಂತ ನೋಡಾಂವ ಅಂವ. ಅಂವಗ ಕಂಪನಿ ಸಹಿ ಬೇಕು ಅಂತ ಹೇಳಿಟ್ಟಿದ್ರ, ಬ್ಯಾರೆ ಆಪರೇಟಿಂಗ್ ಸಿಸ್ಟಮ್ ಹೊಸ್ತಲಾ ದಾಟೂದಿಲ್ಲ.

ಈ ಕೀಲಿ ಮೊದಲ ಬಾರಿ ಒಡದದ್ದು ಭಾಳ ಮಜಾ ಅದ. 2008ರ ಅಕ್ಟೋಬರದಾಗ ಜಿ1 ಅನ್ನೋ ಮೊದಲನೇ ಆ್ಯಂಡ್ರಾಯ್ಡ್ ಫೋನು ಬಂತು. ಮುಂದಿನ ತಿಂಗಳು ಒಬ್ಬಾಂವ ಮಾತಾಡೂ ಮುಂದ ‘ರೀಬೂಟ್’ ಅಂತ ಬರದಾ, ಫೋನು ತಾನಽ ಬಂದ್ ಆಗಿ ಚಾಲೂ ಆತು! ಬರದದ್ದೆಲ್ಲಾ ಒಳಗ ಯಜಮಾನನ ಅಪ್ಪಣಿ ಅಂತ ನಡೀಲಿಕತ್ತಿತ್ತು. ಗೂಗಲ್ ಲಗೂನ ಆ ತೂತು ಮುಚ್ಚಿತು. ಆದ್ರ ಅಷ್ಟರಾಗ ಹುಡುಗರಿಗೆ ರುಚಿ ಹತ್ತಿತ್ತು. 2009ರಾಗ ಸ್ಟೀವ್ ಕಾಂಡಿಕ್ ಅನ್ನಾಂವ ಸೈನೋಜೆನ್‌ಮಾಡ್ ಅಂತ ತನ್ನದಽ ಆ್ಯಂಡ್ರಾಯ್ಡ್ ತಯಾರ ಮಾಡಿ ಪುಕ್ಕಟ ಹಂಚಿದಾ. ಆ್ಯಂಡ್ರಾಯ್ಡ್‌ನ ಮೂಲ ಬರವಣಿಗಿ ಎಲ್ಲಾರಿಗೂ ಬಿಟ್ಟದ್ದು, ಅದಕ್ಕಽ ಇದು ಸಾಧ್ಯ ಆತು.

ಟ್ಯಾಬಿನ ಸರತಿ ಬಂದದ್ದು 2010ರಾಗ. ಐಪ್ಯಾಡಿಗೆ 499 ಡಾಲರ್ ಇದ್ದಾಗ, ಅಮೇರಿಕಾದ ಬಾರ್ನ್ಸ್ ಆ್ಯಂಡ್ ನೋಬಲ್ ಅನ್ನೋ ಪುಸ್ತಕದ ಅಂಗಡಿಯವರು 249 ಡಾಲರಿಗೆ ನೂಕ್ ಕಲರ್ ಅಂತ ಏಳು ಇಂಚಿಂದು ತಂದ್ರು. ಪುಸ್ತಕ ಓದಲಿಕ್ಕೆ ಅಂತ ಮಾರಿದ್ರು, ಒಳಗ ಇದ್ದದ್ದು ಆ್ಯಂಡ್ರಾಯ್ಡ್. ಅದರ ಗುಟ್ಟು ಏನಂದ್ರ, ಚಾಲೂ ಆಗೂ ಮುಂದ ಅದು ಮೊದಲ ಮೆಮೊರಿ ಕಾರ್ಡ್ ನೋಡತಿತ್ತು, ಆಮ್ಯಾಲೆ ತನ್ನ ಹೊಟ್ಟಿ. ಕಾರ್ಡಿನಾಗ ಸೈನೋಜೆನ್‌ಮಾಡ್ ಹಾಕಿ ಸೇರಿಸಿದ್ರ ಪೂರಾ ಟ್ಯಾಬ್, ಕಾರ್ಡ್ ತಗದ್ರ ಮತ್ತ ಪುಸ್ತಕದ ಅಂಗಡಿ. ಏನೂ ಒಡೀಬೇಕಾಗಿಲ್ಲ, ಏನೂ ಕೆಡೂದಿಲ್ಲ.

ಅಂಗಡಿಯವರು ಮುಂದಿನ ವರ್ಷ ಶಾಣ್ಯಾ ಆದ್ರು. 2011ರ ನವೆಂಬರದಾಗ ಬಂದ ನೂಕ್ ಟ್ಯಾಬ್ಲೆಟ್ಟಿಗೆ ಸಹಿ ಕೇಳೋ ಮುದುಕನ್ನ ಕೂಡಿಸಿದ್ರು. 16 ಜಿಬಿ ಜಾಗಾದಾಗ ನಮ್ಮ ಸಾಮಾನಿಗೆ ಬಿಟ್ಟದ್ದು ಬರೇ 1 ಜಿಬಿ, ಉಳದದ್ದೆಲ್ಲಾ ಅವರಿಂದಽ ತಗೊಂಡ ಸಾಮಾನಿಗೆ ಮತ್ತ ಸಿಸ್ಟಮ್ಮಿಗೆ. ಹುಡುಗರು ಅದನ್ನೂ ದಾಟಿದ್ರು ಬಿಡ್ರಿ.

ಅದಽ ವರ್ಷ ಇನ್ನೊಂದು ತಬ್ಬಲಿ ಕೂಸು ಬಂತು, ಎಚ್‌ಪಿ ಟಚ್‌ಪ್ಯಾಡ್. ಜುಲೈ 1ಕ್ಕ ಹುಟ್ಟಿತು, ಆಗಸ್ಟ್ 18ಕ್ಕ ‘ಇನ್ನ ಮಾಡೂದಿಲ್ಲ’ ಅಂದ್ರು. 499 ಡಾಲರಿಂದು 99ಕ್ಕ ಇಳೀತು, ಜನಾ ಮುಗಿಬಿದ್ದು ತಗೊಂಡ್ರು. ಹೆತ್ತವರು ಕೈಬಿಟ್ಟ ಆ ಟ್ಯಾಬಿಗೆ ಅಕ್ಟೋಬರದಷ್ಟೊತ್ತಿಗೆ ಹವ್ಯಾಸಿ ಹುಡುಗರು ಆ್ಯಂಡ್ರಾಯ್ಡ್ ಹಾಕಿ ಜೀವಾ ಕೊಟ್ರು.

ಇಷ್ಟೆಲ್ಲಾ ಕೇಳಿ ಅತ್ತಿಯವರು ಒಂದಽ ಮಾತು ಅಂದ್ರು: “ಇದು ಕಳವು ಮಾಡಿಧಂಗ ಅಲ್ಲೇನೋ?” ಹುಡುಗ ಗಪ್ಪಾದ. ಯಾಕಂದ್ರ ಆ ಪ್ರಶ್ನಿ ಅಮೇರಿಕಾದ ಸರಕಾರಕ್ಕೂ ಬಗೀಹರದಿರಲಿಲ್ಲ. ಅಲ್ಲೆ 1998ರ ಒಂದು ಕಾಯ್ದೆ ಪ್ರಕಾರ ಇಂಥಾ ಡಿಜಿಟಲ್ ಕೀಲಿ ಒಡಿಯೂದು ತಪ್ಪು. ಮೂರು ವರ್ಷಕ್ಕೊಮ್ಮೆ ಲೈಬ್ರರಿ ಆಫ್ ಕಾಂಗ್ರೆಸ್ ಕೂತು ಯಾವುದಕ್ಕ ಮಾಫಿ ಅಂತ ಹೇಳ್ತದ. 2010ರಾಗ ಫೋನಿಗೆ ಮಾಫಿ ಸಿಕ್ತು. 2012ರ ಅಕ್ಟೋಬರದಾಗ ಟ್ಯಾಬಿಗೂ ಕೊಡ್ರಿ ಅಂದ್ರ, ‘ಟ್ಯಾಬ್ ಅಂದ್ರ ಯಾವುದು ಅಂತ ಸ್ಪಷ್ಟ ಇಲ್ಲ’ ಅಂತ ಒಲ್ಲೆ ಅಂದ್ರು. ಅಂದ್ರ ಅದಽ ಕೀಲಿ, ಅದಽ ಹುಡುಗ, ಫೋನಿಂದು ಒಡದ್ರ ನಡೀತದ, ಟ್ಯಾಬಿಂದು ಒಡದ್ರ ತಪ್ಪು! ನಾ ಅಂದೆ, “ರೊಕ್ಕ ಕೊಟ್ಟದ್ದು ನಾವು, ಓದೂದು ನಮ್ಮ ಭಾಷಾ, ಯಾರ ಮನಿ ಸಾಮಾನೂ ತರಲಿಕತ್ತಿಲ್ಲ.” ಅತ್ತಿಯವರು ಸ್ವಲ್ಪ ಹೊತ್ತು ಸುಮ್ಮನ ಕೂತು, “ಹಂಗಾದ್ರ ಮಾಡು” ಅಂದ್ರು.

ರಾತ್ರಿ ಊಟಾ ಆದ ಮ್ಯಾಲೆ ಕೂತಾ. ಹನ್ನೊಂದಕ್ಕ ಪರದೆ ಕರ್ರಗಾತು. ಹಿಂಗಾದ್ರ ಅವರು ‘ಬ್ರಿಕ್ ಆತು’ ಅಂತಾರ, ಅಂದ್ರ ಇಟ್ಟಂಗಿ ಆತು ಅಂತ. ಹುಡುಗನ ಮಾರಿ ಸಣ್ಣದಾತು. ಅತ್ತಿಯವರು ಬೈಲಿಲ್ಲ, “ಹೋಗಲಿ ಬಿಡೋ, ನನಗ ಕಣ್ಣಿಲ್ಲದ್ದು ನಿನ್ನ ತಪ್ಪಲ್ಲ” ಅಂದ್ರು. ಆ ಮಾತಿಗೆ ಅಂವಾ ಮಲಗಲಽ ಇಲ್ಲ. ಬೆಳಿಗ್ಗೆ ನಾ ಹಾಲು ಕಾಸಲಿಕ್ಕೆ ಎದ್ದಾಗ ಟ್ಯಾಬಿನಾಗ ಸೈನೋಜೆನ್‌ಮಾಡ್ 10 ಕೂತಿತ್ತು, ಆ್ಯಂಡ್ರಾಯ್ಡ್ 4.1ದು. ಚೌಕ ಹೋಗಿ ಅಕ್ಷರ ಬಂದಿದ್ವು. ಅತ್ತಿಯವರು ಸ್ನಾನಾನೂ ಮಾಡದ ಕೂತು ಪೇಪರಿನ ಮೊದಲನೇ ಸುದ್ದಿ ಜೋರಾಗಿ ಓದಿದ್ರು.

2015ರ ಅಕ್ಟೋಬರದಾಗ ಅಮೇರಿಕಾದವರು ಟ್ಯಾಬಿಗೂ ಮಾಫಿ ಕೊಟ್ರು. ಹುಡುಗ ಫೋನ್ ಮಾಡಿ ಹೇಳಿದಾಗ ಅತ್ತಿಯವರು, “ಮೂರು ವರ್ಷ ಕಳ್ಳಿ ಆಗಿದ್ದೆ ನೋಡು” ಅಂತ ನಕ್ಕಿದ್ರು. 2016ರ ಡಿಸೆಂಬರದಾಗ ಸೈನೋಜೆನ್‌ಮಾಡ್ ಮುಚ್ಚಿತು, ಆದ್ರ ಅದರ ಮಂದಿಯೇ ಲಿನಿಯೇಜ್‌ಓಎಸ್ ಅಂತ ಮುಂದುವರಿಸ್ಯಾರ.

ನಿಮ್ಮ ಮನ್ಯಾಗೂ ಕಂಪನಿ ಕೈಬಿಟ್ಟ ಟ್ಯಾಬ್ ಇದ್ರ ಮೋಡ್ಕಾದವಗ ಕೊಡೂಕಿಂತಾ ಮೊದಲ ತಿಳದವರನ್ನ ಒಮ್ಮೆ ಕೇಳ್ರಿ. ಬೂಟ್‌ಲೋಡರ್ ಕೀಲಿ ತಗದ್ರ ಸಾಮಾನ್ಯವಾಗಿ ಒಳಗಿದ್ದದ್ದೆಲ್ಲಾ ಅಳಿಸಿ ಹೋಗ್ತದ, ಹಿಂಗಾಗಿ ಫೋಟೋ ಮೊದಲ ತಗದಿಡ್ರಿ. ರೂಟ್ ಮಾಡಿದ್ದರಾಗ ಬ್ಯಾಂಕಿನ ವ್ಯವಹಾರ ಮಾಡಬ್ಯಾಡ್ರಿ, ಯಜಮಾನನ ಕೀಲಿಕೈ ಕಳ್ಳರಿಗೂ ಸಿಗಬಹುದು, ಬ್ಯಾಂಕಿನ ಎಷ್ಟೋ ಆ್ಯಪು ಅದರಾಗ ನಡಿಯೂದೂ ಇಲ್ಲ.

ಅತ್ತಿಯವರ ಟ್ಯಾಬ್ ನಾ ಮತ್ತ ಅಟ್ಟಕ್ಕ ಹಾಕಿಲ್ಲ. ದೇವರ ಮನಿ ಮಾಡದಾಗ, ಅವರ ಚಸ್ಮಾದ ಬಾಜೂಕ ಇಟ್ಟೇನಿ. ಅವರು ಬಿಟ್ಟ ಪಾನಾದಿಂದ ಮುಂದ ನಾ ಓದಲಿಕತ್ತೇನಿ.