ತೀರ್ಪಿನಿಂದ ಶುಶ್ರೂಷೆಗೆ: ಎಳೆಯರ ಆತ್ಮಹತ್ಯೆಯ ಅಪಾಯ ಮತ್ತು ಸಭೆಯ ಹೊಣೆ

ಸಾವನ್ನು ಬಯಸಿದವರ ಕುರಿತು ಕ್ರೈಸ್ತ ಸಭೆಯು ಆಡಿದ ಮಾತು ಎಲ್ಲ ಕಾಲಗಳಲ್ಲಿಯೂ ಒಂದೇ ಆಗಿರಲಿಲ್ಲ. ಕೊಲೆಯನ್ನು ನಿಷೇಧಿಸುವ ಆಜ್ಞೆಯು ಮನುಷ್ಯನ ಸ್ವಂತ ಪ್ರಾಣಕ್ಕೂ ಅನ್ವಯಿಸುತ್ತದೆಂದು 5ನೇ ಶತಮಾನದ ಆರಂಭದಲ್ಲಿ ಅಗಸ್ಟೀನನು ವಾದಿಸಿದನು. 6ನೇ ಶತಮಾನದ ಬ್ರಾಗಾ ಸಮ್ಮೇಳನವು ಆತ್ಮಹತ್ಯೆ ಮಾಡಿಕೊಂಡವರಿಗೆ ಅಂತ್ಯವಿಧಿಗಳನ್ನು ನಿರಾಕರಿಸಿತು. 1917ರ ಕಥೋಲಿಕ ವಿಧಿಸಂಹಿತೆಯಲ್ಲಿಯೂ ಆ ನಿರಾಕರಣೆ ಉಳಿದಿತ್ತು. ಜೀವದ ಪಾವಿತ್ರ್ಯವನ್ನು ಕಾಯಲು ಹುಟ್ಟಿದ ಬೋಧನೆಯೇ ಶೋಕದ ಮನೆಗೆ ಸಭೆಯ ಬಾಗಿಲನ್ನು ಮುಚ್ಚಿತು. ನಮ್ಮ ದೇಶದಲ್ಲಿ 1860ರ ದಂಡಸಂಹಿತೆಯ 309ನೇ ಕಲಮು ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧವೆಂದು ಕರೆಯಿತು.

1983ರ ಕಥೋಲಿಕ ವಿಧಿಸಂಹಿತೆ ಆ ನಿರಾಕರಣೆಯನ್ನು ಕೈಬಿಟ್ಟಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು, ಇಂಥ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರಿಗೆ ಆರೈಕೆ ಮತ್ತು ಪುನರ್ವಸತಿ ಒದಗಿಸುವ ಹೊಣೆಯನ್ನು ಸರಕಾರಕ್ಕೆ ವಹಿಸಿತು. ಆದರೆ ಶತಮಾನಗಳ ಕಾಲ ಕಲಿತ ಮೌನವು ಕಾನೂನು ಬದಲಾದೊಡನೆ ಕರಗುವುದಿಲ್ಲ.

ಕರಾವಳಿಯ ಸಭೆಗೆ ಶುಶ್ರೂಷೆ ಹೊಸದಲ್ಲ. ಬಾಸೆಲ್ ಮಿಶನ್ನಿನ ವೈದ್ಯೆ ಈವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಆಸ್ಪತ್ರೆ ಆರಂಭಿಸಿದರು. ಇಂದು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕುಟುಂಬಗಳು ಉಡುಪಿ, ಮಣಿಪಾಲಗಳ ಮನೋವೈದ್ಯರ ಬಳಿಗೆ ಹೋಗಬಲ್ಲವು. ಆದರೆ ಹದಿಹರೆಯದವರ ವಿಷಯದಲ್ಲಿ ವೈದ್ಯಶಾಸ್ತ್ರವು ಒಂದು ಎಚ್ಚರಿಕೆ ನೀಡುತ್ತದೆ: ಆಸ್ಪತ್ರೆಯಿಂದ ಮನೆಗೆ ಮರಳಿದ ಮೊದಲ ವಾರಗಳಲ್ಲಿಯೇ ಅಪಾಯ ಹೆಚ್ಚು. ಹಿಂದೆ ಒಮ್ಮೆ ಪ್ರಯತ್ನಿಸಿದ್ದರೆ ಅದು ಇನ್ನೂ ಹೆಚ್ಚು. ಹೀಗಿರುವಾಗ, ಬಿಡುಗಡೆಯ ಚೀಟಿಯನ್ನೇ ಗುಣವಾದ ಗುರುತೆಂದು ತಿಳಿದು, ನೆರೆಯವರು ಏನೆಂದಾರೋ ಎಂಬ ಅಂಜಿಕೆಯಿಂದ ಮುಂದಿನ ಭೇಟಿಯನ್ನು ತಪ್ಪಿಸುವುದು ಮಗುವನ್ನು ಅತ್ಯಂತ ಕಠಿಣ ಹೊತ್ತಿನಲ್ಲಿ ಒಂಟಿಯಾಗಿಸಿದಂತೆ.

ಇಲ್ಲಿಯೇ ಸಭಾಪಾಲಕರ ಕರ್ತವ್ಯ ಆರಂಭವಾಗುತ್ತದೆ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬದಲಾಗಿ ಮಾತಿಗೆ ದಾರಿಯಾಗುತ್ತದೆ. ಮನೆಯಲ್ಲಿರುವ ಕೀಟನಾಶಕ, ಔಷಧಗಳನ್ನು ಕೈಗೆಟುಕದಂತೆ ಬೀಗ ಹಾಕಿಡಿಸುವುದು, ವೈದ್ಯರ ಬಳಿಗೆ ಜೊತೆಯಾಗಿ ಹೋಗುವುದು, ಸರಕಾರದ ಟೆಲಿ ಮಾನಸ್ ಸಂಖ್ಯೆ 14416 ಅನ್ನು ತಿಳಿಸುವುದು ಪ್ರಾರ್ಥನೆಗೆ ಎದುರಾದ ಕೆಲಸಗಳಲ್ಲ. ಪ್ರಾರ್ಥನೆಯನ್ನು ಚಿಕಿತ್ಸೆಯ ಬದಲಿಗೆ ಇಡುವುದು ಮಾತ್ರ ಅಪಾಯಕರ.

ಸಾವನ್ನು ಬೇಡಿ ಜಾಲಿಗಿಡದ ಕೆಳಗೆ ಮಲಗಿದ ಎಲೀಯನನ್ನು ದೇವರು ಗದರಿಸಲಿಲ್ಲ. ದೂತನ ಮೂಲಕ ರೊಟ್ಟಿ, ನೀರು ಕೊಟ್ಟು, ಎರಡನೆಯ ಸಲವೂ ತಟ್ಟಿ ಎಬ್ಬಿಸಿದನು. ತೀರ್ಪಿನ ದೀರ್ಘ ಇತಿಹಾಸಕ್ಕಿಂತ ಹಳೆಯದಾದ ಈ ವೃತ್ತಾಂತವೇ ನಮ್ಮ ಸಭೆಗಳಿಗೆ ಮಾದರಿಯಾಗಲಿ. ಎರಡನೆಯ ಸಲವೂ ಹೋಗುವವರು ಬೇಕು.