ಸೆಟೆದ ಹಾಳೆಯ ಮನವೊಲಿಕೆ

ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ಹದಿನೈದನೆಯ ಲೂಯಿ ದೊರೆಯ ಬರೆಯುವ ಮೇಜೊಂದಿದೆ. 1760ರಲ್ಲಿ ಓಬೆನ್ ಎಂಬ ಕುಶಲಕರ್ಮಿ ಅದನ್ನು ಶುರುಮಾಡಿದ. 1763ರಲ್ಲಿ ಅವನು ತೀರಿಕೊಂಡ. ಅವನ ಕೈಕೆಳಗಿದ್ದ ರೀಸೆನರ್ 1769ರಲ್ಲಿ ಕೆಲಸ ಮುಗಿಸಿ ಒಪ್ಪಿಸಿದ. ಒಂದು ಮೇಜಿಗೆ ಒಂಬತ್ತು ವರ್ಷ! ಕಮಾನಿನಂತೆ ಬಾಗಿದ ಅದರ ಮುಚ್ಚಳದ ಮೇಲಿನ ಚಿತ್ತಾರಕ್ಕೆ ಬಣ್ಣ ಬಳಿದಿಲ್ಲ, ಬಗೆಬಗೆಯ ಮರದ ತೆಳುಹಾಳೆಗಳನ್ನು ಕತ್ತರಿಸಿ ಅಂಟಿಸಿದ್ದಾರೆ. ಇಂದು ನಮ್ಮ ಬಡಗಿಗಳು ವೆನೀರ್ ಎನ್ನುವುದು ಇಂಥ ಹಾಳೆಯನ್ನೇ.

ವಿದ್ಯೆ ಮಾತ್ರ ಲೂಯಿಗಿಂತ ಬಹಳ ಹಳೆಯದು. ಈಜಿಪ್ಟಿನ ಮಂತ್ರಿ ರೆಖ್‌ಮಿರೆಯ ಗೋರಿಯ ಗೋಡೆಚಿತ್ರಕ್ಕೆ ಸುಮಾರು 3,400 ವರ್ಷ. ಅದರಲ್ಲಿ ಮರಗೆಲಸದವರ ಪಕ್ಕ ಅಂಟಿನ ಮಡಕೆ ಬೆಂಕಿಯ ಮೇಲಿದೆ. ರೋಮಿನ ಲೇಖಕ ಪ್ಲಿನಿಗೆ ಈ ಕಸುಬೇ ಹಿಡಿಸಲಿಲ್ಲ. ಅಗ್ಗದ ಮರಕ್ಕೆ ದುಬಾರಿ ಮರದ ತೊಗಟೆ ಹೊದಿಸಿ, ಒಂದೇ ಮರವನ್ನು ಹಲವು ಸಲ ಮಾರುತ್ತಾರೆಂದು ಮೊದಲನೆಯ ಶತಮಾನದಲ್ಲೇ ಗೊಣಗಿದ್ದ. ಇಂದಿನ ಪೀಠೋಪಕರಣದಂಗಡಿಗೆ ಬಂದಿದ್ದರೆ ಇನ್ನೇನು ಅನ್ನುತ್ತಿದ್ದನೋ!

ಕಣ್ಣಿಗೆ ಹಬ್ಬವಾಗುವ ಹಾಳೆಯೇ ಬಡಗಿಗೆ ಹೆಚ್ಚು ಕಾಟ ಕೊಡುತ್ತದೆ. ನೆಟ್ಟಗೆ ಬೆಳೆದ ಮರದ ಎಳೆಗಳು ಒಂದೇ ದಿಕ್ಕಿಗೆ ಸಾಗುತ್ತವೆ. ಒಣಗುವಾಗ ಎಳೆಗೆ ಅಡ್ಡಲಾಗಿ ಸಮನಾಗಿ ಕುಗ್ಗುತ್ತವೆ. ಕಾಂಡದ ಗಂಟಿನಲ್ಲಿ ಎಳೆಗಳು ಸುಳಿಸುಳಿಯಾಗಿ ತಿರುಗಿಕೊಂಡಿರುತ್ತವೆ. ಅದಕ್ಕೇ ಆ ಚೆಲುವು. ಒಣಗಿದಾಗ ಅಂಗುಲಕ್ಕೊಂದು ಬಗೆಯಲ್ಲಿ ಕುಗ್ಗುವುದೂ ಅದಕ್ಕೇ. ಗಂಟಿನ ಹಾಳೆ ಬಿಸಿಲಿಗೆ ಹಾಕಿದ ಹಪ್ಪಳದಂತೆ ಅಲೆಅಲೆಯಾಗುತ್ತದೆ. ಒಣಗಿದ್ದಾಗಲೇ ಒತ್ತಿದರೆ ಹಪ್ಪಳದಂತೆಯೇ ಮುರಿಯುತ್ತದೆ.

ಹದಿನೆಂಟನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಸಿರಿವಂತರಿಗೆ ಅಕ್ರೋಟು ಮರದ ಮೋಹ. 1709ರ ಭೀಕರ ಚಳಿಗೆ ಫ್ರಾನ್ಸಿನ ಅಕ್ರೋಟು ಮರಗಳು ಸತ್ತವು. 1720ರಲ್ಲಿ ಫ್ರಾನ್ಸ್ ಅದರ ರಫ್ತನ್ನೇ ನಿಲ್ಲಿಸಿತು. ಇಂಥ ಕಾಲದಲ್ಲಿ ಹಾಳೆ ಸೆಟೆದಿದೆಯೆಂದು ಯಾರು ತಾನೇ ಎಸೆದಾರು?

ಉಪಾಯ ಬಡಗಿಗಳ ಅಂಟಿನ ಮಡಕೆಯಲ್ಲೇ ಇತ್ತು. ಪ್ರಾಣಿಗಳ ತೊಗಲು ಮೂಳೆ ಬೇಯಿಸಿ ಇಳಿಸಿದ ಈ ಅಂಟಿಗೆ ಕನ್ನಡದಲ್ಲಿ ಮರವಜ್ರವೆಂಬ ಹೆಸರಿದೆ. ತೀರಾ ಮೊಂಡು ಹಾಳೆಗೆ ಅದನ್ನೇ ನೀರುನೀರಾಗಿ ಕದಡಿ ಸವರಿ, ಬಿಸಿ ಹಲಗೆಗಳ ನಡುವೆ ಒತ್ತಿಡುತ್ತಿದ್ದರು. ಮರದ ಎಳೆಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ವಸ್ತು ತೇವ ಮತ್ತು ಕಾವು ಒಟ್ಟಿಗೆ ತಾಗಿದರೆ ಮೆತ್ತಗಾಗುತ್ತದೆ, ಆರಿದಾಗ ಹೊಸ ಆಕಾರದಲ್ಲೇ ಬಿಗಿಯುತ್ತದೆ. ಬಾಗಿದ ಮೈಗೆ ಹಲಗೆ ಕೂರದು. ಅಲ್ಲಿಗೆ ಕಾಯಿಸಿದ ಮರಳಿನ ಚೀಲ.

ಸಾಮಾನ್ಯ ಹಾಳೆಗಾದರೆ ಪ್ರತ್ಯೇಕ ಉಪಚಾರವೇ ಬೇಕಿರಲಿಲ್ಲ. ಬಿಸಿ ಅಂಟಿನ ಮೇಲೆ ಹಾಳೆ ಹಾಸಿ, ಮೇಲೆ ನೀರು ಸವರಿ, ಇಸ್ತ್ರಿಯ ಕಾವು ಕೊಟ್ಟು, ವೆನೀರ್ ಸುತ್ತಿಗೆಯಿಂದ ನಡುವಿನಿಂದ ಅಂಚಿಗೆ ನೀವುತ್ತಿದ್ದರು. ಹೆಸರಷ್ಟೇ ಸುತ್ತಿಗೆ, ಅದರಿಂದ ಹೊಡೆಯುವಂತಿಲ್ಲ. ಅಗಲ ಬಾಯಿಯನ್ನು ಒತ್ತಿ ಎಳೆದರೆ ಹೆಚ್ಚಿನ ಅಂಟು ಹೊರಬರುತ್ತದೆ. ಆಮೇಲೆ ಉಗುರಿನಿಂದ ತಟ್ಟಿ ಕೇಳುವುದು. ಪೊಳ್ಳು ಸದ್ದು ಬಂದರೆ ಅಲ್ಲಿ ಹಾಳೆ ಉಬ್ಬಿದೆ. ಮತ್ತೆ ಕಾಯಿಸಿದರೆ ಅಂಟು ಕರಗುತ್ತದೆ, ಮತ್ತೆ ನೀವಬಹುದು. ತಪ್ಪನ್ನು ಕ್ಷಮಿಸುವ ಇಂಥ ಅಂಟು ಇನ್ನೊಂದಿಲ್ಲ.

ಅಷ್ಟರಲ್ಲಿ ಯಂತ್ರ ಬಂತು. ಮಾರ್ಕ್ ಬ್ರೂನೆಲ್ 1806ರಲ್ಲಿ ವೆನೀರ್ ಕೊಯ್ಯುವ ಗರಗಸಕ್ಕೆ ಪೇಟೆಂಟ್ ಪಡೆದ. ಲಂಡನ್ನಿನ ಬ್ಯಾಟರ್‌ಸಿಯಲ್ಲಿದ್ದ ಅವನ ಗಿರಣಿಯ ದೊಡ್ಡ ಚಕ್ರಗರಗಸದ ವ್ಯಾಸ 18 ಅಡಿ. ಗರಗಸವೆಂದ ಮೇಲೆ ಮರದ ಸಾಕಷ್ಟು ಭಾಗ ಹೊಟ್ಟಾಗುತ್ತಿತ್ತು. ಮುಂದೆ ದಿಮ್ಮಿಯನ್ನು ಬೇಯಿಸಿ ಅಲಗಿನಿಂದ ಹೆರೆಯುವ ಯಂತ್ರಗಳು ಬಂದು ಹೊಟ್ಟು ನಿಂತಿತು, ಆದರೆ ಹಾಳೆ ಕಾಗದದಷ್ಟು ತೆಳ್ಳಗಾಯಿತು. ಇಂದಿನ ಹಾಳೆ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ತೆಳು. ಹಸಿಯಾಗಿ ಹೆರೆದದ್ದು ಒಣಗುತ್ತ ಹಿಂದೆಂದಿಗಿಂತ ಹೆಚ್ಚು ಸೆಟೆಯತೊಡಗಿತು.

ಇಪ್ಪತ್ತನೆಯ ಶತಮಾನದ ಕೃತಕ ಅಂಟುಗಳು ಗಟ್ಟಿ, ಕೆಲವು ನೀರಿಗೂ ಜಗ್ಗದವು. ಆದರೆ ಅವುಗಳಲ್ಲಿ ಬಹಳಷ್ಟು ಒಮ್ಮೆ ಹಿಡಿದರೆ ಮತ್ತೆ ಕರಗವು. ನೀವುತ್ತ ನೀವುತ್ತ ಸರಿಪಡಿಸುವ ಅವಕಾಶ ಹೋಯಿತು. ಹಾಳೆಯ ಅಲೆಯನ್ನು ಅಂಟಿಸುವ ಮೊದಲೇ ತೆಗೆಯುವುದು ಅನಿವಾರ್ಯವಾಯಿತು. ಆಗ ಕೈಗೆ ಬಂದದ್ದು ಗ್ಲಿಸರಿನ್, ಸ್ವೀಡನ್ನಿನ ಶೀಲೆ 1779ರಲ್ಲಿ ಆಲಿವ್ ಎಣ್ಣೆಯಿಂದ ಬೇರ್ಪಡಿಸಿದ ದ್ರವ. ಅದು ತೇವವನ್ನು ಹಿಡಿದಿಟ್ಟು ಎಳೆಗಳನ್ನು ಮೆದುವಾಗಿರಿಸುತ್ತದೆ. ನೀರು, ಗ್ಲಿಸರಿನ್, ಒಂದಿಷ್ಟು ಆಲ್ಕೊಹಾಲ್, ತುಸು ಅಂಟು ಬೆರೆಸಿ ಎರಡೂ ಬದಿಗೆ ಸಿಂಪಡಿಸುತ್ತಾರೆ. ಹಾಳೆ ಮೆತ್ತಗಾದ ಮೇಲೆ ಹೀರುಕಾಗದಗಳ ನಡುವೆ ಪೇರಿಸಿ ಹಲಗೆಯಡಿ ಹದವಾಗಿ ಒತ್ತುತ್ತಾರೆ. ಕಾಗದ ಬದಲಿಸುತ್ತ ಕೆಲವು ದಿನ ಕಾಯುತ್ತಾರೆ. ಆತುರಪಟ್ಟವನಿಗೆ ಸಿಗುವುದು ಸೀಳು, ಇಲ್ಲವೇ ಬೂಷ್ಟು.

ಇಷ್ಟಾದರೂ ಒತ್ತಿನಿಂದ ಬಿಡಿಸಿ ಬಯಲಿಗಿಟ್ಟರೆ ಗಾಳಿಯ ತೇವಕ್ಕೆ ತಕ್ಕಂತೆ ಹಾಳೆ ಮತ್ತೆ ಅಲೆಯೇಳುತ್ತದೆ. ಅದಕ್ಕೇ ಅನುಭವಿ ಬಡಗಿ ಅಂಟು ಕಲಸುವ ಗಳಿಗೆಯವರೆಗೂ ಮೇಲಿನ ಭಾರ ತೆಗೆಯುವುದಿಲ್ಲ.